ಬಿಸಿಲು ಬಿದ್ದ ಜಾಗ: ಒಂದು ಕ್ಯಾರವಾನಿಗೆ ಡಿಶ್ ಕೂರಿಸಿದ ಪ್ರಕರಣ

2022ರ ಆಗಸ್ಟ್ ಕೊನೆಯಲ್ಲಿ ಹಾಸನದ ನನ್ನ ಡಿಶ್ ಅಂಗಡಿಯ ಮುಂದೆ ಬಿಳಿ ಬಣ್ಣದ ಟೆಂಪೋ ಟ್ರಾವೆಲರ್ ಒಂದು ಬಂದು ನಿಂತಿತು. ಅದರ ನೆತ್ತಿಯ ಮೇಲೆ 60 ಸೆಂಟಿಮೀಟರ್ ಅಗಲದ ಡಿಶ್, ಮೆರವಣಿಗೆ ಮುಗಿಸಿ ಸುಸ್ತಾದ ಮದುಮಗನ ಪೇಟದಂತೆ ಒಂದು ಮಗ್ಗುಲಿಗೆ ವಾಲಿತ್ತು. ಇಳಿದು ಬಂದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು. ಹಿಂದಿನ ಬಾಗಿಲಿನಿಂದ ಮೇಷ್ಟ್ರ ಹೆಂಡತಿ, ನನ್ನ ಬಾಯಲ್ಲಿ ಅಮ್ಮ, ಇಳಿದರು, ಕೈಯಲ್ಲಿ ಒದ್ದೆಯಾದ ಹಾಸಿಗೆ ಹೊದಿಕೆ.

"ನೋಡಪ್ಪ, ಇದು ನಿನ್ನ ಕಸುಬಿನ ವಿಚಾರ. ಈ ಗಾಡಿಯಲ್ಲಿ ಅಡುಗೆಯಾಗುತ್ತದೆ, ನಿದ್ದೆಯಾಗುತ್ತದೆ, ಸ್ನಾನವೂ ಆಗುತ್ತದೆ. ಟಿವಿ ಮಾತ್ರ ಆಗುವುದಿಲ್ಲ" ಎಂದರು ಮೇಷ್ಟ್ರು.

ನಿವೃತ್ತಿಯ ಹಣದಲ್ಲಿ ಹಳೆಯ ಗಾಡಿ ಕೊಂಡು, ಬೆಂಗಳೂರಿನ ಬಾಡಿ ಕಟ್ಟುವವರೊಬ್ಬರಿಗೆ ಕೊಟ್ಟು ಕ್ಯಾರವಾನ್ ಮಾಡಿಸಿಕೊಂಡಿದ್ದರು. ಮೊದಲು ಮಲೆನಾಡು, ಆಮೇಲೆ ಕರಾವಳಿ, ಕೊನೆಗೆ ಕಾಶಿ ಎಂಬುದು ದಂಪತಿಯ ಲೆಕ್ಕ. ಹಗಲು ಊರು ನೋಡಿಕೊಂಡು ಬಂದ ಮೇಲೆ ಸಂಜೆ ಎರಡು ತಾಸು ಟಿವಿ ಇರಲೇಬೇಕು. ಅಮ್ಮನಿಗೆ ಧಾರಾವಾಹಿ, ಮೇಷ್ಟ್ರಿಗೆ ಚಂದನ ಮತ್ತು ಕ್ರಿಕೆಟ್. ಮೊಬೈಲ್‌ನಲ್ಲೇ ನೋಡಬಹುದಲ್ಲ ಎಂದು ನಾನು ಕೇಳಲಿಲ್ಲ. ಕುದುರೆಮುಖದ ಕಡೆ ಹೋಗಿ ಬಂದ ಯಾರೂ ಆ ಪ್ರಶ್ನೆ ಕೇಳುವುದಿಲ್ಲ.

ದೂರು ನಾಲ್ಕು. ಗಾಡಿ ಮನೆಯ ಮುಂದೆ ಒಂದೇ ದಿಕ್ಕಿಗೆ ನಿಂತಾಗ ಮಾತ್ರ ಚಿತ್ರ ಬರುತ್ತದೆ. ಬಂದಾಗಲೂ ಅರ್ಧದಷ್ಟು ಚಾನೆಲ್ ಇರುವುದಿಲ್ಲ. ಒಂದೂವರೆ ತಾಸಿಗೆ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ. ಮಳೆ ಬಂದರೆ ಅಮ್ಮನ ದಿಂಬಿನ ಮೇಲೆ ಹನಿ ಬೀಳುತ್ತದೆ. ಕೊನೆಯದನ್ನು ಅಮ್ಮನೇ ಹೇಳಿದರು, ಹೊದಿಕೆಯನ್ನು ನನ್ನ ಮೇಜಿನ ಮೇಲೆ ಸಾಕ್ಷಿಯಂತೆ ಇಟ್ಟು.

ಟಾಪ್ ಮೇಲೆ ಕಂಡದ್ದು

ಏಣಿ ಹಾಕಿ ಟಾಪ್ ಹತ್ತಿದೆ. ಡಿಶ್ಶಿನ ಸ್ಟ್ಯಾಂಡನ್ನು ತಗಡಿಗೆ ನೇರವಾಗಿ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ್ದರು. ಸುತ್ತ ಮೆತ್ತಿದ್ದ ಎಂ-ಸೀಲ್ ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯ ಮೇಲೆ ನಿಲ್ಲುವ ಡಿಶ್ಶಿಗೆ ಗಾಳಿ ಮಾತ್ರ ಶತ್ರು. ಓಡುವ ಗಾಡಿಯ ಮೇಲಿನ ಡಿಶ್ಶಿಗೆ ಪ್ರತಿ ಹಂಪ್ ಕೂಡ ಶತ್ರು. ಅದು ಅಲುಗಿದಷ್ಟೂ ಸ್ಕ್ರೂ ತೂತು ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ನೀರು ಇಳಿಯುತ್ತದೆ. ಅಮ್ಮನ ದಿಂಬಿಗೂ ಈ ತೂತಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಾಳೆ.

ಅರ್ಧ ಚಾನೆಲ್ ಕಾಣೆಯಾದ ಕಥೆ ಇನ್ನೂ ಸ್ವಾರಸ್ಯದ್ದು. ಡಿಶ್ಶಿನ ಮೂತಿಯಲ್ಲಿ ಕೂತು ಉಪಗ್ರಹದ ಅಲೆ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಸೆಟ್‌ಟಾಪ್ ಬಾಕ್ಸಿನಿಂದ, ಚಿತ್ರ ಬರುವ ಅದೇ ವೈರಿನಲ್ಲಿ. ಬಾಕ್ಸ್ 13 ವೋಲ್ಟ್ ಕಳಿಸಿದರೆ ನಿಂತ ಅಲೆಗಳನ್ನು, ಅಂದರೆ ಮೇಲೆ ಕೆಳಗೆ ಕಂಪಿಸುವವನ್ನು, ಹಿಡಿ ಎಂದು ಅರ್ಥ, 18 ವೋಲ್ಟ್ ಕಳಿಸಿದರೆ ಮಲಗಿದ ಅಲೆಗಳನ್ನು, ಅಂದರೆ ಅಡ್ಡಡ್ಡ ಕಂಪಿಸುವವನ್ನು, ಹಿಡಿ ಎಂದು ಅರ್ಥ. ಚಾನೆಲ್‌ಗಳು ಈ ಎರಡು ಗುಂಪುಗಳಲ್ಲಿ ಹಂಚಿಹೋಗಿರುತ್ತವೆ. ಎಲ್‌ಎನ್‌ಬಿ ಬಿಚ್ಚಿ, ಒಂದು ಹಳೆಯ ಎಲ್‌ಎನ್‌ಬಿಯನ್ನು ಹೊರೆಯಾಗಿ ಕೊಟ್ಟು ಮೀಟರ್ ಹಿಡಿದೆ. ಬಾಕ್ಸಿನ ಬೆನ್ನಲ್ಲಿ 18 ಇದ್ದದ್ದು ಡಿಶ್ಶಿನ ಬಳಿ 14.4ಕ್ಕೆ ಇಳಿದಿತ್ತು. ಎಲ್‌ಎನ್‌ಬಿಯ ಗಡಿ 15ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕೆಳಗಿನದೆಲ್ಲ ಅದಕ್ಕೆ 13 ಎಂದೇ ಲೆಕ್ಕ. ಹಾಗಾಗಿ ಮಲಗಿದ ಗುಂಪಿನ ಚಾನೆಲ್ ಕೇಳಿದಾಗಲೆಲ್ಲ ಅದು ನಿಂತ ಗುಂಪನ್ನೇ ಕೊಡುತ್ತಿತ್ತು.

ಆ ಮೂರೂವರೆ ವೋಲ್ಟ್ ಎಲ್ಲಿ ಸೋರಿಹೋಯಿತು? ಸೀಲಿಂಗ್ ಪ್ಲೈ ಬಿಚ್ಚಿದಾಗ ಸಿಕ್ಕಿತು. ವೈರ್ ಗಿಡ್ಡವಾಗಿದ್ದ ಕಡೆ ಎರಡು ತುಂಡುಗಳ ನಡುವಿನ ತಂತಿಯನ್ನು ಹೊಸೆದು, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಅಲ್ಲಿಗೇ ಮಳೆ ನೀರೂ ಇಳಿದಿತ್ತು. ಟೇಪ್ ಬಿಚ್ಚಿದರೆ ಒಳಗೆ ದೇವರ ಮನೆಯ ಹಳೆ ತಾಮ್ರದ ಚೊಂಬಿನಲ್ಲಿ ಇರುವಂಥ ಹಸಿರು ಕಿಲುಬು. ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರಿತು. ಡಿಶ್ ವೈರ್ ಜೋಡಿಸಲು ಹಾಕಬೇಕಿದ್ದ ಒಂದು ಎಫ್ ಕನೆಕ್ಟರಿಗೆ ಎಷ್ಟು ರೂಪಾಯಿ ಎಂದು ಮೇಷ್ಟ್ರು ಕೇಳಿದರು. ಹೇಳಿದೆ. ಅವರು ಏನೂ ಮಾತನಾಡಲಿಲ್ಲ. ಹೋಮ್‌ವರ್ಕ್ ಮಾಡದವನ ಪುಸ್ತಕ ನೋಡಿದಾಗಿನ ಅದೇ ಮೌನ.

ಇನ್ವರ್ಟರ್ ವಿಷಯ ಬೇಗ ಮುಗಿಯಿತು. ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿತ್ತು, 24 ಇಂಚಿನ ಟಿವಿಯ ಅಡಾಪ್ಟರ್ ಮೇಲೂ ಅದೇ. ಬ್ಯಾಟರಿಯೂ 12. ಆದರೂ ಬ್ಯಾಟರಿಯ 12ನ್ನು ಇನ್ವರ್ಟರ್ 230 ಮಾಡುವುದು, ಅಡಾಪ್ಟರ್ ಮತ್ತೆ ಅದನ್ನು 12 ಮಾಡುವುದು, ದಾರಿಯಲ್ಲಿ ಇಬ್ಬರೂ ಬಿಸಿಯಾಗಿ ಸುಂಕ ತಿನ್ನುವುದು. ಟಿವಿ ಮತ್ತು ಬಾಕ್ಸ್ ಸೇರಿ 40 ವಾಟ್ ಬೇಕಾದ ಕಡೆ 60ರ ಹತ್ತಿರ ಹೋಗುತ್ತಿತ್ತು. ಅದರ ಜೊತೆಗೆ ಫ್ಯಾನು, ದೀಪ. ಬ್ಯಾಟರಿಯೂ ಹಳೆಯದು.

ಡಲ್ಲಾಸಿನ ಬೋಗುಣಿ

ಕೆಲಸ ಶುರು ಮಾಡುವ ಮೊದಲೇ ಒಂದು ಅಡ್ಡಿ ಬಂತು. ಮೇಷ್ಟ್ರ ಅಳಿಯ ಇರುವುದು ಅಮೆರಿಕದ ಡಲ್ಲಾಸಿನಲ್ಲಿ. ಅಲ್ಲಿ ಮನೆಯಂಥ ಗಾಡಿಗಳ ಟಾಪ್ ಮೇಲೆ ಕವುಚಿಟ್ಟ ಬೋಗುಣಿಯಂಥ ಬಿಳಿ ಗುಮ್ಮಟ ಇರುತ್ತದೆ. ಒಳಗೆ ಸಣ್ಣ ಡಿಶ್, ಅದಕ್ಕೆ ಮೋಟಾರ್. ಬಟನ್ ಒತ್ತಿದರೆ ತಾನೇ ತಿರುಗಿ ಉಪಗ್ರಹ ಹುಡುಕಿಕೊಳ್ಳುತ್ತದೆ. ವಿನೆಗಾರ್ಡ್, ಕೆವಿಎಚ್, ಕಿಂಗ್ ಮೊದಲಾದ ಕಂಪನಿಗಳ ಮಾಲು ಅದು. ಯಾರೋ ಮಾರುತ್ತಿದ್ದ ಹಳೆಯದೊಂದನ್ನು ಬರುವಾಗ ತರುತ್ತೇನೆ ಎಂದು ಅಳಿಯ ಫೋನಿನಲ್ಲಿ ಹೇಳಿದ್ದ.

"ತರಿಸಬೇಡಿ ಮೇಷ್ಟ್ರೇ" ಎಂದೆ. ಆ ಬೋಗುಣಿಗೆ ಗೊತ್ತಿರುವುದು ಅಮೆರಿಕದ ಆಕಾಶ. ಪಶ್ಚಿಮ ರೇಖಾಂಶ 101, 110, 119 ಎಂದು ಅದರ ತಲೆಯಲ್ಲಿ ಬರೆದಿಟ್ಟಿರುತ್ತಾರೆ. ನಮ್ಮ ಆಕಾಶದಲ್ಲಿ ಅದು ರಾತ್ರಿಯಿಡೀ ತಿರುಗಿದರೂ ಆ ಗುರುತುಗಳು ಸಿಗುವುದಿಲ್ಲ. ಸಿಕ್ಕರೂ ಪ್ರಯೋಜನವಿಲ್ಲ. ಅಲ್ಲಿನ ಡಿಟಿಎಚ್ ಅಲೆಗಳು ತಿರುಪಿನಂತೆ ಸುತ್ತಿಕೊಂಡು ಬರುತ್ತವೆ, ನಮ್ಮವು ನಿಂತೋ ಮಲಗಿಯೋ ನೇರವಾಗಿ ಬರುತ್ತವೆ. ಎಲ್‌ಎನ್‌ಬಿಯೇ ಬೇರೆ ಜಾತಿ.

ಅಮೆರಿಕದವರಿಗೆ ಇನ್ನೊಂದು ಕಷ್ಟ ಇದೆ, ನಮಗದು ಇಲ್ಲ. ಅಲ್ಲಿ ಊರೂರಿನ ಸ್ಥಳೀಯ ಚಾನೆಲ್‌ಗಳನ್ನು ಟಾರ್ಚ್ ಬೆಳಕಿನಂತೆ ಆಯಾ ಪ್ರದೇಶದ ಮೇಲೆ ಮಾತ್ರ ಬೀಳಿಸುತ್ತಾರೆ. ಗಾಡಿ ಆ ವೃತ್ತ ದಾಟಿದರೆ ಮನೆಯ ಚಾನೆಲ್ ಮಾಯ. ಹೀಗೆ ಅಲೆಯುವ ಗಾಡಿಯವರು ದೂರದ ಊರಿನ ವಾಹಿನಿಗಳನ್ನು ಪಡೆಯಲು ಅವಕಾಶ ಕೊಡುವುದಕ್ಕೆಂದೇ ಕಾನೂನಿನಲ್ಲಿ ಜಾಗ ಇದೆ, 2019ರಲ್ಲಿ ಅದನ್ನು ಕಾಯಂ ಮಾಡಿದರು. ನಮ್ಮ ಡಿಟಿಎಚ್‌ನ ಬೆಳಕು ಇಡೀ ದೇಶದ ಮೇಲೆ ಒಂದೇ ಚಾದರ. ಕಾಶಿಯಲ್ಲಿ ನಿಂತರೂ ಕನ್ನಡದ ಧಾರಾವಾಹಿ ಹಾಸನದಲ್ಲಿ ಬಂದಷ್ಟೇ ಚೆನ್ನಾಗಿ ಬರುತ್ತದೆ. ಈ ಮಾತು ಕೇಳಿ ಅಮ್ಮನ ಮುಖ ಅರಳಿತು. ಬೋಗುಣಿಯ ಮಾತು ಅಲ್ಲಿಗೆ ನಿಂತಿತು.

ಬಿಲ್ಲಿನ ಹಿಂಬದಿಯ ಲೆಕ್ಕ

ಟಾಪ್ ಮೇಲಿನ ಡಿಶ್ ತೆಗೆದುಹಾಕಿ, ನೆಲದ ಮೇಲೆ ಮೂರು ಕಾಲಿನ ಸ್ಟ್ಯಾಂಡಿನಲ್ಲಿ ಬೇರೆ ಡಿಶ್ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಇದರಲ್ಲಿ ಚರ್ಚೆಗೆ ಎಡೆಯೇ ಇಲ್ಲ. 60 ಸೆಂಟಿಮೀಟರ್ ಡಿಶ್ಶಿನ ಕಣ್ಣಿನ ಅಗಲ ಸುಮಾರು 3 ಡಿಗ್ರಿ. ಕೈ ಚಾಚಿ ಹೆಬ್ಬೆರಳು ಹಿಡಿದರೆ ಅದು ಆಕಾಶದಲ್ಲಿ ಮರೆಮಾಡುವುದೇ 2 ಡಿಗ್ರಿಯಷ್ಟು. ಗಾಡಿ ನಿಲ್ಲುವ ಇಳಿಜಾರು ಅದಕ್ಕಿಂತ ಹೆಚ್ಚಿರುತ್ತದೆ. ಟಾಪ್ ಮೇಲೆ ಬಿಗಿದ ಡಿಶ್ಶಿಗಾಗಿ ಪ್ರತಿ ಸಂಜೆ ಇಡೀ ಗಾಡಿಯನ್ನೇ ಹಿಂದೆ ಮುಂದೆ ತಿರುಗಿಸಬೇಕು. ಇನ್ನೂ ಒಂದಿದೆ. ಡಿಶ್ ಗಾಡಿಯ ಮೇಲಿದ್ದರೆ ಗಾಡಿ ಬಿಸಿಲಿನಲ್ಲಿ ನಿಲ್ಲಬೇಕು, ನೆಲದ ಮೇಲಿದ್ದರೆ ಗಾಡಿ ನೆರಳಿನಲ್ಲಿ, ಡಿಶ್ ಬಿಸಿಲಿನಲ್ಲಿ.

ಚರ್ಚೆ ನಡೆದದ್ದು ಯಾವ ಉಪಗ್ರಹ ಎಂಬುದರ ಮೇಲೆ. ಗ್ರಾಹಕರು ಡಿಟಿಎಚ್ ಆರಿಸುವುದು ಪ್ಯಾಕ್ ದರ ನೋಡಿ, ಚಾನೆಲ್ ಪಟ್ಟಿ ನೋಡಿ. ಮನೆಗೆ ಅದು ಸರಿ. ಮಲೆನಾಡಿನಲ್ಲಿ ತಿರುಗುವ ಗಾಡಿಗೆ ನೋಡಬೇಕಾದದ್ದು ಉಪಗ್ರಹ ಆಕಾಶದಲ್ಲಿ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದನ್ನು. ಇಷ್ಟು ವರ್ಷ ಈ ಕಸುಬಿನಲ್ಲಿದ್ದರೂ ನಾನಿದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಎಲ್ಲ ಡಿಟಿಎಚ್ ಉಪಗ್ರಹಗಳೂ ಸಮಭಾಜಕದ ನೆತ್ತಿಯಲ್ಲಿ 35,786 ಕಿಲೋಮೀಟರ್ ಮೇಲೆ ಇವೆ, ರೇಖಾಂಶ ಮಾತ್ರ ಬೇರೆ ಬೇರೆ. ನಾವು ಮಾತನಾಡಿದ ಹೊತ್ತಿಗೆ ಮೇಷ್ಟ್ರ ಮನೆಯ ಸಂಪರ್ಕ 108.2 ಡಿಗ್ರಿ ಪೂರ್ವದ್ದು. ದೂರದರ್ಶನದ ಡಿಡಿ ಫ್ರೀ ಡಿಶ್ 93.5ರಲ್ಲಿರುವ ಜಿಸ್ಯಾಟ್-15ರಿಂದ ಬರುತ್ತದೆ. ಟಾಟಾ ಪ್ಲೇ 83ರಲ್ಲಿ. ಅದಕ್ಕೆಂದೇ ಜಿಸ್ಯಾಟ್-24 ಆ ಜೂನ್‌ನಲ್ಲಷ್ಟೇ ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿತ್ತು. ಹಾರಿದ ಮೇಲೆ ಅದರ ಲಗಾಮು ಹಿಡಿದದ್ದು ನಮ್ಮೂರಿನ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ. ಸಂಜೆ ವಾಕಿಂಗ್ ಹೋಗುವಾಗ ಕಾಣುವ ಆ ದೈತ್ಯ ಬಟ್ಟಲುಗಳ ಮುಂದೆ ನನ್ನ ಅಂಗಡಿಯ ತಟ್ಟೆಗಳು ಆಟದ ಸಾಮಾನು.

ಕಳಸದ ಸುತ್ತಮುತ್ತ ನಿಂತರೆ 108.2ರ ಉಪಗ್ರಹ ದಿಗಂತದಿಂದ 49 ಡಿಗ್ರಿ ಮೇಲೆ ಕಾಣಬೇಕು, 93.5ರದು 64, 83ರದು 72. ಈ ಮೂರು ಅಂಕಿ ಕೊಟ್ಟದ್ದೇ ತಡ, ಮೇಷ್ಟ್ರು ನನ್ನ ಬಿಲ್ ಪುಸ್ತಕ ಎಳೆದುಕೊಂಡು ಹಿಂಬದಿಯಲ್ಲಿ ತ್ರಿಕೋನ ಬರೆದರು. ಕಾಫಿ ತೋಟದ ಸಿಲ್ವರ್ ಓಕ್ 25 ಮೀಟರ್ ಎತ್ತರ ಎಂದಿಟ್ಟುಕೊ. ಅದು ಅಡ್ಡ ಬರಬಾರದು ಎಂದರೆ ಮೊದಲನೆಯ ಉಪಗ್ರಹಕ್ಕೆ ಮರದಿಂದ ಇಪ್ಪತ್ತೊಂದೂವರೆ ಮೀಟರ್ ದೂರ ಬೇಕು, ಎರಡನೆಯದಕ್ಕೆ 12, ಮೂರನೆಯದಕ್ಕೆ 8 ಸಾಕು.

"ಮಲೆನಾಡಿನಲ್ಲಿ ಯಾವ ಅಂಗಳದಲ್ಲಿ 21 ಮೀಟರ್ ಬಯಲು ಸಿಗುತ್ತದೆ?" ಎಂದು ಪೆನ್ನು ಕೆಳಗಿಟ್ಟರು. ಮನೆಯ ಬಾಕ್ಸನ್ನು ಮನೆಯಲ್ಲೇ ಬಿಡುವುದು ಎಂದಾಯಿತು. ತಿಂಗಳ ಬಾಡಿಗೆ ಇಲ್ಲದ ಫ್ರೀ ಡಿಶ್ ಮೇಲೆ ಮೇಷ್ಟ್ರಿಗೆ ಇನ್ನೂ ಮನಸ್ಸಿತ್ತು. "ಚಂದನ ಅದರಲ್ಲೇ ಬರುತ್ತದಲ್ಲ" ಎಂದರು. "ಚಂದನ ಎಲ್ಲದರಲ್ಲೂ ಬರುತ್ತದೆ, ನನ್ನ ಧಾರಾವಾಹಿ ಎಲ್ಲದರಲ್ಲೂ ಬರುವುದಿಲ್ಲ" ಎಂದರು ಅಮ್ಮ. 83ಕ್ಕೆ ಹೊಸ ಸಂಪರ್ಕ ಬರೆದುಕೊಂಡೆ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಟಾಪ್‌ನ ತೂತುಗಳಿಗೆ ಒಳಗೆ ಹೊರಗೆ ತಗಡಿನ ತೇಪೆ, ನಡುವೆ ಸೀಲಂಟ್. ಗಾಡಿಯ ಮಗ್ಗುಲಿನಲ್ಲಿ, ಮಳೆ ನೀರು ನೇರವಾಗಿ ಬೀಳದ ಕಡೆ, ಮುಚ್ಚಳವಿರುವ ಸಣ್ಣ ಡಬ್ಬಿ. ಅದರಲ್ಲಿ ವೈರ್ ಸಿಕ್ಕಿಸುವ ಜೋಡಕ. ಅಲ್ಲಿಂದ ಡಿಶ್ಶಿಗೆ 15 ಮೀಟರ್ ಒಳ್ಳೆಯ ಡಿಶ್ ವೈರ್, ಆರ್‌ಜಿ-6, ನಡುವೆ ಒಂದೂ ಗಂಟಿಲ್ಲ. ಟಿವಿ ಮತ್ತು ಬಾಕ್ಸಿಗೆ ಇನ್ವರ್ಟರ್ ಬಿಟ್ಟು ನೇರ ಬ್ಯಾಟರಿ. ಆದರೆ ಬ್ಯಾಟರಿ ಎಂದರೆ 12 ಎಂದು ನಂಬಿ ಸೀದಾ ಕೊಡುವಂತಿಲ್ಲ. ಎಂಜಿನ್ ಓಡುವಾಗ ಅದು 14 ದಾಟುತ್ತದೆ, ರಾತ್ರಿ ಇಳಿದಾಗ ಹನ್ನೊಂದೂವರೆಗೆ ಬರುತ್ತದೆ. ಏರಿದ್ದನ್ನು ಇಳಿಸಿ ಇಳಿದದ್ದನ್ನು ಏರಿಸಿ 12ರಲ್ಲೇ ನಿಲ್ಲಿಸುವ ರೆಗ್ಯುಲೇಟರ್ ಹಾಕಿ ಫ್ಯೂಸ್ ಕೊಟ್ಟೆ. ಸ್ಟ್ಯಾಂಡಿನ ನಡುವಿನ ಕೊಕ್ಕೆಗೆ 20 ಲೀಟರಿನ ನೀರಿನ ಕ್ಯಾನ್ ನೇತುಹಾಕಿದರೆ ಗಾಳಿಗೆ ಬೀಳುವುದಿಲ್ಲ.

ಡಿಶ್ಶಿನ ಬಗ್ಗೆ ಒಂದು ವಿಷಯವನ್ನು ಮೇಷ್ಟ್ರಿಗೆ ಎರಡು ಸಲ ಹೇಳಬೇಕಾಯಿತು. ಈ ತಟ್ಟೆಗಳು ನೋಡುತ್ತಿರುವಂತೆ ಕಾಣುವ ಕಡೆ ನೋಡುತ್ತಿರುವುದಿಲ್ಲ. ಎಲ್‌ಎನ್‌ಬಿಯನ್ನು ಕೆಳಗಿನಿಂದ ಓರೆಯಾಗಿ ಹಿಡಿದಿರುವುದರಿಂದ ತಟ್ಟೆಯ ನಿಜವಾದ ದೃಷ್ಟಿ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕಿರುತ್ತದೆ. ಎದುರಿನ ಗುಡ್ಡ ನೋಡುವಂತೆ ನಟಿಸುತ್ತಾ ಮೋಡ ನೋಡುತ್ತಿರುತ್ತದೆ. ಹಾಸನದಲ್ಲಿ ಸರಿಯಾಗಿ ಹೊಂದಿಸಿ, ಬ್ರಾಕೆಟ್ಟಿನ ಮೇಲೆ ಕೆಂಪು ಬಣ್ಣದ ಗೀಟು ಎಳೆದು ಕೊಟ್ಟೆ. ಕಂಬವನ್ನು ರಸಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿದರೆ ಎತ್ತರದ ಚಿಂತೆ ಮುಗಿಯಿತು, ಉಳಿಯುವುದು ದಿಕ್ಕು ಮಾತ್ರ. ಹಾಸನದಲ್ಲಿ 83ರ ಉಪಗ್ರಹ ಸುಮಾರು 73 ಡಿಗ್ರಿ ಎತ್ತರದಲ್ಲಿ, ಉತ್ತರದಿಂದ ಎಣಿಸಿದರೆ 152ರ ದಿಕ್ಕಿನಲ್ಲಿ. ಬೀದರಿಗೆ ಹೋದರೆ 68 ಮತ್ತು 163. ಇಡೀ ರಾಜ್ಯ ಸುತ್ತಿದರೂ ಆ ಗೀಟಿನಿಂದ ಸುಮಾರು 5 ಡಿಗ್ರಿಗಿಂತ ಹೆಚ್ಚು ಸರಿಯಬೇಕಾಗಿಲ್ಲ.

ಕಳಸ, ಸೆಪ್ಟೆಂಬರ್ 30

ನವರಾತ್ರಿಗೆ ಹೊರನಾಡಿಗೆ ಹೋಗುವ ಹರಕೆ ನನ್ನ ಹೆಂಡತಿಯದೂ ಇತ್ತು. ಹಾಗಾಗಿ ಮೊದಲ ಪ್ರಯಾಣಕ್ಕೆ ನಾವೂ ಗಾಡಿ ಹತ್ತಿದೆವು. ಕಳಸದ ಹತ್ತಿರ ಪರಿಚಯದವರ ತೋಟದ ಅಂಗಳದಲ್ಲಿ ಗಾಡಿ ನಿಂತಿತು. ಮೂರು ಕಡೆ ಸಿಲ್ವರ್ ಓಕ್, ಮೇಲೆ ಮೆಣಸಿನ ಬಳ್ಳಿ, ಪೂರ್ವಕ್ಕೆ ಗುಡ್ಡ. ರಾತ್ರಿ ತಲುಪಿದ್ದರಿಂದ ಟಿವಿ ಹಾಕಲಾಗಲಿಲ್ಲ. ಮೊಬೈಲಿನ ದಿಕ್ಸೂಚಿ ತೆಗೆದು ನೋಡಿದರೆ, ಗಾಡಿಗೆ ಒರಗಿ ನಿಂತಾಗ ದಕ್ಷಿಣ ಒಂದು ಕಡೆ, ಹತ್ತು ಹೆಜ್ಜೆ ಆಚೆ ಹೋದರೆ ಇನ್ನೊಂದು ಕಡೆ. ಎರಡು ಟನ್ನಿಗೂ ಮೀರಿದ ಉಕ್ಕು ಪಕ್ಕದಲ್ಲಿದ್ದರೆ ದಿಕ್ಸೂಚಿ ಅದನ್ನೇ ನಮಸ್ಕರಿಸುತ್ತದೆ. ಕೈಯಲ್ಲಿ ಮೊಬೈಲ್ ಹಿಡಿದು ಡಿಶ್ಶಿನ ಪಕ್ಕ ನಿಲ್ಲುವ ಹುಡುಗರನ್ನು ನಾನು ಬೈಯುವುದೇ ಇದಕ್ಕೆ.

ಮೇಷ್ಟ್ರು ರಾತ್ರಿ ಕೂತು ಇನ್ನೊಂದು ಲೆಕ್ಕ ಮಾಡಿದ್ದರು. ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದರು. "ಈ ವಾರ ಸೂರ್ಯ ಸಮಭಾಜಕ ದಾಟಿ ದಕ್ಷಿಣಕ್ಕೆ ಎರಡೂವರೆ ಡಿಗ್ರಿಯಷ್ಟು ಇಳಿದಿದ್ದಾನೆ. ನಾವು ಇರುವ ಅಕ್ಷಾಂಶದಿಂದ ನೋಡಿದರೆ ನಿನ್ನ ಉಪಗ್ರಹಗಳ ಸಾಲು ಕಾಣುವುದೂ ಅಲ್ಲೇ. ಅಂದ ಮೇಲೆ ಸೂರ್ಯ ಇವತ್ತು ಯಾವುದೋ ಒಂದು ಹೊತ್ತಿನಲ್ಲಿ 83ರ ಜಾಗದ ಮೇಲೇ ಹಾದುಹೋಗಬೇಕು. ಇಲ್ಲಿಗೆ ಅದು 11 ಗಂಟೆ 43 ನಿಮಿಷ."

ನನಗೆ ರೋಮಾಂಚನವಾಯಿತು. ಆ ಹೊತ್ತಿನಲ್ಲಿ ಅಂಗಳದ ಯಾವ ಜಾಗದಲ್ಲಿ ಬಿಸಿಲು ಬೀಳುತ್ತದೋ ಅಲ್ಲಿ ಉಪಗ್ರಹಕ್ಕೆ ಯಾವ ಕೊಂಬೆಯೂ ಅಡ್ಡವಿಲ್ಲ. ನೆರಳು ಬಿದ್ದರೆ ಆ ಜಾಗ ಬೇಡ. ದಿಕ್ಕಿಗೆ ದಿಕ್ಸೂಚಿಯೂ ಬೇಡ, ಒಂದು ಕೋಲು ನೆಟ್ಟರೆ ಅದರ ನೆರಳಿನ ತದ್ವಿರುದ್ಧವೇ ದಿಕ್ಕು. ಹನ್ನೊಂದು ಗಂಟೆಗೆ ಮೋಡ ಸರಿಯಿತು. ಅಂಗಳದ ನಡುವೆ, ಅಡಿಕೆ ಒಣಗಿಸುವ ಜಾಗದ ಅಂಚಿನಲ್ಲಿ, ಒಂದು ಚಾಪೆಯಷ್ಟು ಬಿಸಿಲು ಬಿದ್ದಿತ್ತು. ಹನ್ನೊಂದೂವರೆಯ ಹೊತ್ತಿಗೆ ಆ ಚಾಪೆ ಎರಡು ಮೊಳ ಸರಿದು ಬಾವಿಕಟ್ಟೆಯ ಪಕ್ಕ ಬಂತು. ಅಲ್ಲೇ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾನ್ ತೂಗುಹಾಕಿ, ರಸಮಟ್ಟ ನೋಡಿ ಕಾದೆ. 11:43ಕ್ಕೆ ಮೇಷ್ಟ್ರು ಕೈ ಎತ್ತಿದರು. ನೆರಳಿನ ಗೆರೆಗೆ ಸರಿಯಾಗಿ ಡಿಶ್ ತಿರುಗಿಸಿದೆ. ಸಂಕೇತದ ಬಲ ತೋರಿಸುವ ಫೈಂಡರ್ ಮೀಟರಿನ ಮುಳ್ಳು ಒಮ್ಮೆಲೇ ಕೊನೆಗೆ ಬಡಿಯಿತು, ಕೀಂ ಎಂಬ ಶಬ್ದ ನಿಲ್ಲಲೇ ಇಲ್ಲ. ನನ್ನ ಜನ್ಮದಲ್ಲಿ ಇಷ್ಟು ಸಲೀಸಾಗಿ ಡಿಶ್ ಕೂರಿಸಿರಲಿಲ್ಲ.

ಗಾಡಿಯೊಳಗಿಂದ ಅಮ್ಮ ಕೂಗಿದರು. "ಸ್ಟ್ರೆಂತ್ 92, ಕ್ವಾಲಿಟಿ 9!"

ಇದು ಆಗಬಾರದ ಜೋಡಿ. ಸ್ಟ್ರೆಂತ್ ಎಂದರೆ ಎಷ್ಟು ಗದ್ದಲ ಕೇಳಿಸುತ್ತಿದೆ ಎಂಬುದು, ಕ್ವಾಲಿಟಿ ಎಂದರೆ ಆ ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತಿದೆ ಎಂಬುದು. ಬೇರೆ ಉಪಗ್ರಹ ಹಿಡಿದಿರಬೇಕು ಎಂದುಕೊಂಡೆ. ಎಲ್‌ಎನ್‌ಬಿ ಸಡಿಲಿಸಿ ಆ ಕಡೆ ಈ ಕಡೆ ತಿರುಗಿಸಿದೆ. ಕ್ವಾಲಿಟಿ 9ರಿಂದ 4ಕ್ಕೆ ಇಳಿಯಿತು. ಎತ್ತರದ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. "ಕೆಂಪು ಗೀಟು ಎಳೆದವನು ನೀನೇ, ಅದನ್ನು ಅಳಿಸುವವನೂ ನೀನೇನಾ?" ಎಂದರು ಮೇಷ್ಟ್ರು. ಕೈ ತೆಗೆದೆ. ಬೆವರು ಒರೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತೆ. ಎಲ್‌ಎನ್‌ಬಿಯನ್ನು ಮೊದಲಿನ ಗುರುತಿಗೆ ತಂದಿಟ್ಟೆ, ಅಷ್ಟೇ.

11:52ಕ್ಕೆ ಅಮ್ಮ ಮತ್ತೆ ಕೂಗಿದರು. "ಕ್ವಾಲಿಟಿ 40... 58... ಬಂತು!"

ಯಾರೂ ಏನನ್ನೂ ಮುಟ್ಟಿರಲಿಲ್ಲ. ಆಗ ಹೊಳೆಯಿತು, ಹಣೆ ಚಚ್ಚಿಕೊಂಡೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಹಗಲು ಕೆಲವು ನಿಮಿಷ ಟಿವಿ ಕೆಡುತ್ತದೆ ಎಂದು ಗ್ರಾಹಕರು ಫೋನ್ ಮಾಡುತ್ತಾರೆ. "ಸೂರ್ಯ ಉಪಗ್ರಹದ ಹಿಂದೆ ಬಂದಿದ್ದಾನೆ, ಹತ್ತು ನಿಮಿಷ ಸುಮ್ಮನಿರಿ" ಎಂದು ಪ್ರತಿ ವರ್ಷ ಹೇಳುವವನು ನಾನೇ. ಸೂರ್ಯನೂ ಒಂದು ದೊಡ್ಡ ರೇಡಿಯೋ ಗದ್ದಲ. ಅದು ಉಪಗ್ರಹದ ಬೆನ್ನಿಗೆ ಬಂದಾಗ ಡಿಶ್ಶಿಗೆ ಮಾತು ಕೇಳಿಸುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ಫೈಂಡರ್ ಮೀಟರ್ ಹಾಡಿದ್ದು ಸೂರ್ಯನ ಹಾಡು. ಸೂರ್ಯನನ್ನೇ ಗುರಿಯಾಗಿ ಹಿಡಿದು ಡಿಶ್ ಕೂರಿಸಿ, ಸೂರ್ಯ ಏಕೆ ಕಾಡುತ್ತಿದ್ದಾನೆ ಎಂದು ಎಲ್‌ಎನ್‌ಬಿ ಬಿಚ್ಚಿದ ಬುದ್ಧಿವಂತ ನಾನು. ಒಂಬತ್ತು ನಿಮಿಷದಲ್ಲಿ ಆಕಾಶ ಎರಡು ಡಿಗ್ರಿಗೂ ಹೆಚ್ಚು ತಿರುಗಿತು, ಸೂರ್ಯ ಡಿಶ್ಶಿನ ಕಣ್ಣಿನಿಂದ ಆಚೆ ಹೋದ. ಡಿಶ್ ಮೊದಲ ಕ್ಷಣದಿಂದಲೂ ಸರಿಯಾಗಿಯೇ ನಿಂತಿತ್ತು.

ಆ ಸಂಜೆ ಕ್ವಾಲಿಟಿ 78ರಲ್ಲಿ ಧಾರಾವಾಹಿ ನಡೆಯಿತು. ತೋಟದ ಮನೆಯವರೂ ಬಂದು ಬಾಗಿಲಲ್ಲಿ ನಿಂತು ನೋಡಿದರು.

ಆಮೇಲೆ

ಮರುದಿನ ನಾವು ಬಸ್ಸಿನಲ್ಲಿ ಹಾಸನಕ್ಕೆ ವಾಪಸಾದೆವು. ಉಳಿದದ್ದು ಫೋನಿನಲ್ಲಿ ಬಂದ ವರದಿ. ಆಗುಂಬೆಯ ದಾರಿಯಲ್ಲಿ ಮಧ್ಯಾಹ್ನ ಒಂದು ಕಡೆ ನಿಲ್ಲಿಸಿ ಪ್ರಯತ್ನಿಸಿದರು, ಜಡಿಮಳೆಗೆ ಏನೂ ಬರಲಿಲ್ಲ. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್, ದಪ್ಪ ಹನಿಯ ಮಳೆ ಅವನ್ನು ಕುಡಿದುಬಿಡುತ್ತದೆ. 90 ಸೆಂಟಿಮೀಟರ್ ಡಿಶ್ ಹಾಕಿದರೆ ಎರಡು ಪಟ್ಟಿಗೂ ಹೆಚ್ಚು ಸಂಕೇತ ಸಿಗುತ್ತದೆ ನಿಜ. ಆದರೆ ಅದರ ಕಣ್ಣು 2 ಡಿಗ್ರಿಗೆ ಕಿರಿದಾಗುತ್ತದೆ, ಗಾಳಿಗೆ ಹಾಯಿಯಂತೆ ಉಬ್ಬುತ್ತದೆ, ಗಾಡಿಯಲ್ಲಿ ಇಡಲು ಜಾಗವೂ ಬೇಕು. ಮಳೆ ಬಂದಾಗ ಮಳೆ ನೋಡಿ ಎಂದೆ. ಅಮ್ಮನಿಗೆ ಈ ಉತ್ತರ ಹಿಡಿಸಲಿಲ್ಲ.

ಅಕ್ಟೋಬರ್ 2ರ ರಾತ್ರಿ ಮರವಂತೆಯ ಹತ್ತಿರ ಇದ್ದರು. ಗುವಾಹಟಿಯಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಟಿ20. ಮೈದಾನಕ್ಕೆ ಹಾವು ಬಂದು ಆಟ ನಿಂತ ಪಂದ್ಯ ಅದು, ಅನೇಕರಿಗೆ ನೆನಪಿರಬಹುದು. ಹಾವಿನ ಮಟ್ಟಿಗೆ ಮೇಷ್ಟ್ರಿಗೆ ಅನುಮಾನ ಬರಲಿಲ್ಲ. ಆಮೇಲೆ ಅಲ್ಲಿನ ಒಂದು ದೀಪಸ್ತಂಭ ಆರಿಹೋದಾಗ ಮಾತ್ರ, ನಮ್ಮ ಬ್ಯಾಟರಿಯೇ ಇಳಿಯಿತು ಎಂದುಕೊಂಡು ಟಾರ್ಚ್ ಹಿಡಿದು ವೋಲ್ಟ್ ಮೀಟರ್ ನೋಡಲು ಎದ್ದರಂತೆ. 12.3 ಇತ್ತು. ಆ ಅಂಕಿ ಹೇಳುವುದಕ್ಕೆಂದೇ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್.

ಕರಾವಳಿಯಲ್ಲಿ ಆದ ನಷ್ಟ ಒಂದೇ. ಡಬ್ಬಿಯ ಮುಚ್ಚಳ ಹಾಕಲು ಮರೆತು, ಉಪ್ಪುಗಾಳಿಗೆ ಜೋಡಕದಲ್ಲಿ ಬಿಳಿ ಪುಡಿ ಕೂತಿತ್ತು. ಉಜ್ಜಿ, ಒಂದು ಬೊಟ್ಟು ಗ್ರೀಸ್ ಹಚ್ಚಿದರೆ ಸರಿಯಾಯಿತು.

ಕಾಶಿಗೆ ಹೋದದ್ದು ಮುಂದಿನ ಫೆಬ್ರುವರಿಯಲ್ಲಿ. ತಲುಪಿದ ಸಂಜೆ ಮೇಷ್ಟ್ರ ಫೋನ್ ಬಂತು. ಕಾಶಿಯ ರೇಖಾಂಶ ಹೆಚ್ಚುಕಡಿಮೆ 83 ಡಿಗ್ರಿಯೇ. ಅಂದರೆ ಉಪಗ್ರಹ ಅಲ್ಲಿಗೆ ನೇರ ದಕ್ಷಿಣದಲ್ಲಿ, 60 ಡಿಗ್ರಿ ಎತ್ತರದಲ್ಲಿ. ಅವರು ಲೆಕ್ಕ ಸರಿಯಾಗಿಯೇ ಮಾಡಿದ್ದರು, ಕೆಂಪು ಗೀಟಿನಿಂದ 13 ಡಿಗ್ರಿ ಇಳಿಸಿದ್ದರು, ರಾತ್ರಿ ಧ್ರುವನಕ್ಷತ್ರ ನೋಡಿ ಅದಕ್ಕೆ ಬೆನ್ನು ಮಾಡಿ ಡಿಶ್ ನಿಲ್ಲಿಸಿದ್ದರು. ಆದರೂ ಕ್ವಾಲಿಟಿ 30ರ ಮೇಲೆ ಏಳುತ್ತಿಲ್ಲ, ಚಿತ್ರ ಚೌಕಚೌಕವಾಗಿ ಒಡೆಯುತ್ತಿದೆ.

"ಎಲ್‌ಎನ್‌ಬಿ ತಿರುಗಿಸಿದಿರಾ ಮೇಷ್ಟ್ರೇ?"

"ಅದನ್ನು ಮುಟ್ಟಬೇಡಿ ಎಂದು ನೀನೇ ಹೇಳಿದ್ದೆಯಲ್ಲ."

ಹೇಳಿದ್ದೆ, ಕರ್ನಾಟಕದ ಮಟ್ಟಿಗೆ. ಉಪಗ್ರಹ ನಮಗೆ ಓರೆಯಾಗಿ ಪೂರ್ವದಲ್ಲಿದ್ದರೆ ಅದರ ನಿಂತ ಅಲೆಯೂ ನಮಗೆ ವಾಲಿದಂತೆ ಬರುತ್ತದೆ, ಎಲ್‌ಎನ್‌ಬಿಯನ್ನೂ ಅಷ್ಟೇ ವಾಲಿಸಿ ಕೂರಿಸಿರುತ್ತೇವೆ. ಕಾಶಿಯಲ್ಲಿ ಆ ಓರೆ ಇಲ್ಲ. ಹಾಸನದ ಗುರುತಿನಿಂದ 27 ಡಿಗ್ರಿ, ಗಡಿಯಾರದ ಮುಖದಲ್ಲಿ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, ತಿರುಗಿಸಬೇಕು. ಯಾವ ಕಡೆಗೆ ಎಂದು ಫೋನಿನಲ್ಲಿ ಹೇಳಿದರೆ ಎಡ ಬಲ ಗೊಂದಲವಾಗುತ್ತದೆ. ಕ್ವಾಲಿಟಿ ಏರುವ ಕಡೆಗೆ ತಿರುಗಿಸಿ ಎಂದೆ. ಫೋನ್ ಕೆಳಗಿಟ್ಟ ಸದ್ದು, ಸ್ಪ್ಯಾನರಿನ ಸದ್ದು, ದೂರದಲ್ಲಿ ಯಾವುದೋ ಆರತಿಯ ಗಂಟೆ. ಗಾಡಿಯೊಳಗಿಂದ ಅಮ್ಮ ಅಂಕಿ ಓದುತ್ತಿದ್ದರು, 34, 41, 55, ಅಷ್ಟರಲ್ಲಿ ಓದುವುದನ್ನು ನಿಲ್ಲಿಸಿಬಿಟ್ಟರು. ಧಾರಾವಾಹಿ ಶುರುವಾಗಿತ್ತು.